ಅಂದಾಜು ಪಟ್ಟಿಯೂ ಒಂದು ತಕ್ಕಡಿಯೇ

ಮನೆಗೆ ವಿದ್ಯುತ್ ತಂತಿ ಎಳೆಸಬೇಕಾದಾಗ, ಬಾವಿಯ ಮೋಟಾರು ಸುಟ್ಟಾಗ, ಅಂಗಳಕ್ಕೆ ಕಬ್ಬಿಣದ ಗೇಟು ಕೂಡಿಸಬೇಕಾದಾಗ ನಾವು ಮೊದಲು ಕೇಳುವ ಪ್ರಶ್ನೆ ಒಂದೇ: ಎಷ್ಟಾಗುತ್ತದೆ? ಕಸುಬುದಾರನು ಅದಕ್ಕೆ ಕೊಡುವ ಉತ್ತರವನ್ನು ಅಂದಾಜು ಎನ್ನುತ್ತೇವೆ, ಕೊಟೇಶನ್ ಎನ್ನುತ್ತೇವೆ. ಅದು ಬಾಯಿಮಾತಾಗಿರಬಹುದು, ಸಿಗರೇಟು ಪೊಟ್ಟಣದ ಹಿಂಬದಿಯಲ್ಲಿ ಗೀಚಿದ ಮೂರು ಅಂಕಿಗಳಾಗಿರಬಹುದು, ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದು ಸಾಲಾಗಿರಬಹುದು. ನಮ್ಮಲ್ಲಿ ಬಹುತೇಕರು ಇದನ್ನು ವ್ಯವಹಾರದ ಜಾಣತನಕ್ಕೆ ಸೇರಿದ ವಿಷಯವೆಂದು ಭಾವಿಸಿದ್ದಾರೆ. ನಮಾಝ್, ಉಪವಾಸ, ಝಕಾತ್‌ಗಳ ಸೂಕ್ಷ್ಮ ನಿಯಮಗಳನ್ನು ಉಲಮಾಗಳಲ್ಲಿ ವಿಚಾರಿಸುವವರು ಕೂಡ ದರ ಹೇಳುವುದಕ್ಕೆ ಧರ್ಮದಲ್ಲಿ ಏನು ನಿಯಮವಿದೆ ಎಂದು ಕೇಳುವುದು ಅಪರೂಪ.

ಆದರೆ ಪವಿತ್ರ ಕುರ್‌ಆನಿನ 83ನೆಯ ಅಧ್ಯಾಯಕ್ಕೆ ಇರುವ ಹೆಸರೇ ಅಲ್ ಮುತಫ್ಫಿಫೀನ್. ಅಳತೆಯಲ್ಲಿ ಕಡಿಮೆ ಮಾಡುವವರು ಎಂದು ಅದರ ಅರ್ಥ. ಆ ಅಧ್ಯಾಯವು ಆರಂಭದಲ್ಲಿಯೇ ಒಂದು ನಿರ್ದಿಷ್ಟ ಸ್ವಭಾವವನ್ನು ಖಂಡಿಸುತ್ತದೆ. ಜನರಿಂದ ಪಡೆಯುವಾಗ ತುಂಬಿ ತುಳುಕುವಂತೆ ಪಡೆದು, ಜನರಿಗೆ ಕೊಡುವಾಗ ಕಡಿತಗೊಳಿಸುವವರ ಸ್ವಭಾವವದು. ಅಲ್ಲಿ ಬಳಕೆಯಾಗಿರುವ ಪದ 'ಜನರು' ಎಂಬುದನ್ನು ಗಮನಿಸಬೇಕು. ಸ್ವಧರ್ಮೀಯರಿಗೆ ಒಂದು ಅಳತೆ, ಪರಧರ್ಮೀಯರಿಗೆ ಮತ್ತೊಂದು ಅಳತೆ ಎಂಬುದಕ್ಕೆ ಅಲ್ಲಿ ಎಡೆಯಿಲ್ಲ. ಪ್ರವಾದಿ ಶುಐಬ್(ಅ)ರು ಮದ್‌ಯನ್ ಜನತೆಗೆ ಏಕದೇವ ವಿಶ್ವಾಸವನ್ನು ಬೋಧಿಸಿದ ಉಸಿರಿನಲ್ಲಿಯೇ ಅಳತೆ ಮತ್ತು ತೂಕವನ್ನು ಪೂರ್ಣಗೊಳಿಸಿರಿ ಎಂದು ಬೋಧಿಸಿದರು.

ಇಂದಿನ ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್, ಗೌಂಡಿ, ಬಡಗಿ, ಬಣ್ಣಗಾರ, ಮೋಟಾರು ರಿವೈಂಡಿಂಗ್ ಮಾಡುವವನು, ಇವರ ಕೈಯಲ್ಲಿ ತಕ್ಕಡಿ ಇರುವುದಿಲ್ಲ. ಅವರ ತಕ್ಕಡಿ ಅವರು ಕೊಡುವ ಅಂದಾಜು ಪಟ್ಟಿ. ಒಂದು ತಟ್ಟೆಯಲ್ಲಿ ಕೆಲಸ, ಇನ್ನೊಂದು ತಟ್ಟೆಯಲ್ಲಿ ಹಣ. ಅಂಗಡಿಯಲ್ಲಿ ಮುಳ್ಳು ಎತ್ತ ವಾಲಿತು ಎಂದು ಗಿರಾಕಿಗೂ ಕಾಣುತ್ತದೆ. ಈ ತಕ್ಕಡಿಯ ಮುಳ್ಳನ್ನು ಓದಬಲ್ಲವನು ಮಾತ್ರ ಕಸುಬುದಾರನೊಬ್ಬನೇ. ಆದುದರಿಂದಲೇ ಅವನ ಹೊಣೆಯೂ ಹೆಚ್ಚು.

ತೂಕದ ನೋವು ಬಲ್ಲ ನೆಲ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಜನರಿಗೆ ಇದನ್ನು ಬಹಳ ವಿವರಿಸಬೇಕಾಗಿಲ್ಲ. ತಂಬಾಕಿಗೆ ನ್ಯಾಯವಾದ ಬೆಲೆ ಬೇಕೆಂದು ನಿಪ್ಪಾಣಿಯ ರೈತರು 1981ರಲ್ಲಿ ಹೆದ್ದಾರಿಯ ಮೇಲೆ ಕುಳಿತರು; ಆ ವರ್ಷದ ಏಪ್ರಿಲ್ 6ರಂದು ನಡೆದ ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು. 2025ರಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ದರ ಕೇಳಿ ಗುರ್ಲಾಪುರ ಕ್ರಾಸ್‌ನಲ್ಲಿ ಆರಂಭವಾದ ಧರಣಿ ಈ ತಾಲೂಕುಗಳಿಗೂ ಹಬ್ಬಿತು. ಕಬ್ಬಿನ ಗಾಡಿ ಕಾರ್ಖಾನೆಯ ತೂಕದ ಸೇತುವೆಯ ಮೇಲೆ ನಿಂತಾಗ ರೈತನ ಮನಸ್ಸಿನಲ್ಲಿ ಏಳುವ ಸಂಶಯ ಇಲ್ಲಿನ ಪ್ರತಿ ಮನೆಗೂ ಗೊತ್ತು. ಅಂಕಿಯನ್ನು ಓದುವವರು ಅವರು, ನಷ್ಟ ಅನುಭವಿಸುವವರು ನಾವು ಎಂಬ ಅಸಹಾಯಕತೆ ಅದು.

ಅದೇ ರೈತನು ಸುಟ್ಟ ಮೋಟಾರನ್ನು ಹೊತ್ತು ನಮ್ಮ ಅಂಗಡಿಯ ಮುಂದೆ ನಿಂತಾಗ ಆ ಅಸಹಾಯಕತೆಯೇ ಅವನನ್ನು ಮತ್ತೆ ಹಿಡಿಯುತ್ತದೆ. ಈ ಸಲ ಅಂಕಿಯನ್ನು ಓದುವವರು ನಾವು. ಅನ್ಯಾಯದ ತೂಕದ ವಿರುದ್ಧ ಬೀದಿಗಿಳಿದ ನಾಡಿನಲ್ಲಿ ನಮ್ಮದೇ ತಕ್ಕಡಿಯನ್ನು ಪರೀಕ್ಷಿಸಿಕೊಳ್ಳದಿದ್ದರೆ ಅಲ್ ಮುತಫ್ಫಿಫೀನ್ ಅಧ್ಯಾಯವು ಖಂಡಿಸಿದ ಆ ಎರಡು ಮುಖಗಳು ನಮ್ಮಲ್ಲಿಯೇ ಕಾಣಿಸಿಕೊಳ್ಳುತ್ತವೆ.

ಒಳಗಿನ ಒದ್ದೆ

ಪ್ರವಾದಿ ಮುಹಮ್ಮದ್(ಸ)ರವರು ಒಮ್ಮೆ ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳುಗಳಿಗೆ ತೇವ ತಗಲಿತು. ಮಳೆಯಲ್ಲಿ ನೆನೆಯಿತು ಎಂದು ವ್ಯಾಪಾರಿ ಸಮಜಾಯಿಷಿ ನೀಡಿದನು. ನೆನೆದುದನ್ನು ಜನರಿಗೆ ಕಾಣುವಂತೆ ಮೇಲೆಯೇ ಇಡಬೇಕಾಗಿತ್ತಲ್ಲವೇ ಎಂದು ಪ್ರವಾದಿಯವರು(ಸ) ಪ್ರಶ್ನಿಸಿದರು. ವಂಚಿಸುವವನು ತಮ್ಮವನಲ್ಲ ಎಂದು ಕಠಿಣವಾಗಿ ಎಚ್ಚರಿಸಿದರು. ಧಾನ್ಯ ನೆನೆಯುವುದು ಅಪರಾಧವಾಗಿರಲಿಲ್ಲ. ಅದನ್ನು ಒಣಗಿದ ಕಾಳಿನ ಕೆಳಗೆ ಅಡಗಿಸಿದ್ದು ಅಪರಾಧವಾಯಿತು.

ನಮ್ಮ ಕಸುಬುಗಳಲ್ಲಿ ಈ 'ಒಳಗಿನ ಒದ್ದೆ' ಯಾವುದು? ಗೇಟಿಗೆ ಬಳಸುವ ಕಬ್ಬಿಣದ ಪೈಪು 16 ಗೇಜಿನದ್ದಾದರೆ ಅದರ ದಪ್ಪ ಸುಮಾರು 1.6 ಮಿಲಿಮೀಟರ್, 18 ಗೇಜಿನದ್ದಾದರೆ ಸುಮಾರು 1.2 ಮಿಲಿಮೀಟರ್. ಬಣ್ಣ ಬಳಿದ ನಂತರ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಕಬ್ಬಿಣ ಕಾಲು ಭಾಗದಷ್ಟು ಕಡಿಮೆಯಾಗಿರುತ್ತದೆ. ಗೋಡೆಯೊಳಗಿನ ತಂತಿ 2.5 ಚದರ ಮಿಲಿಮೀಟರಿನದ್ದೋ 1.5ರದ್ದೋ ಎಂಬುದು ಗಿಲಾವು ಮುಗಿದ ಮೇಲೆ ಯಾರಿಗೂ ಕಾಣದು. ಗೀಸರ್ ಹಚ್ಚಿದ ದಿನ ತಂತಿ ಬಿಸಿಯಾದಾಗ ಮಾತ್ರ ತಿಳಿಯುತ್ತದೆ. ಮೋಟಾರಿಗೆ ತಾಮ್ರದ ತಂತಿಯ ಹಣ ಪಡೆದು ಅಲ್ಯೂಮಿನಿಯಂ ಸುತ್ತಿದರೆ ಮುಚ್ಚಳ ಹಾಕಿದ ಮೇಲೆ ರೈತನಿಗೆ ಅದು ಗೊತ್ತಾಗುವುದಿಲ್ಲ. ಅಲ್ಯೂಮಿನಿಯಂನ ವಿದ್ಯುತ್ ವಾಹಕತೆ ತಾಮ್ರದ ಶೇಕಡಾ 60ರಷ್ಟು ಮಾತ್ರ. ಪ್ರೈಮರ್ ಇಲ್ಲದೆ ಬಳಿದ ಬಣ್ಣ, ಎರಡು ಕೋಟಿನ ಹಣಕ್ಕೆ ಒಂದೇ ಕೋಟು, ಅರ್ಥಿಂಗ್ ಇಲ್ಲದ ಮೂರು ಪಿನ್ನಿನ ಸಾಕೆಟ್ಟು, ಇವೆಲ್ಲ ಅದೇ ರಾಶಿಯ ಒದ್ದೆ ಕಾಳುಗಳು.

ಇಲ್ಲಿ ಕಸುಬುದಾರರ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಪ್ರಾಮಾಣಿಕವಾಗಿ ದರ ಹೇಳಿದರೆ ಕೆಲಸ ಕೈತಪ್ಪುತ್ತದೆ, ಪಕ್ಕದವನು ಕಡಿಮೆ ಹೇಳಿ ಹಿಡಿದುಕೊಳ್ಳುತ್ತಾನೆ ಎಂದು ಅವರು ಹೇಳುತ್ತಾರೆ. ಈ ಮಾತು ಸುಳ್ಳಲ್ಲ. ಹಾಗೆ ಕೆಲಸ ಕಳೆದುಕೊಂಡವರು ನಮ್ಮ ನಡುವೆ ಇದ್ದಾರೆ. ಆದರೆ ಇದಕ್ಕೆ ಪರಿಹಾರ ತಾವೂ ಪೈಪಿನ ದಪ್ಪವನ್ನು ಗುಟ್ಟಾಗಿ ಇಳಿಸುವುದಲ್ಲ. ಎರಡು ಅಂದಾಜುಗಳನ್ನು ಒಟ್ಟಿಗೆ ಕೊಡುವುದು. 16 ಗೇಜಾದರೆ ಇಷ್ಟು, 18 ಗೇಜಾದರೆ ಇಷ್ಟು, ಎರಡರ ಬಾಳಿಕೆಯಲ್ಲಿ ಇಂಥ ವ್ಯತ್ಯಾಸ ಎಂದು ತಿಳಿಸಬೇಕು. ಬಡ ಗಿರಾಕಿಯು ತಿಳಿದೇ ಅಗ್ಗದ್ದನ್ನು ಆರಿಸಿಕೊಂಡರೆ ಅದರಲ್ಲಿ ಯಾರಿಗೂ ಪಾಪವಿಲ್ಲ. ಒದ್ದೆ ಧಾನ್ಯವನ್ನು ಮೇಲಿಟ್ಟು ಮಾರಿದಂತಾಯಿತು. ಪಕ್ಕದವನ ಕಡಿಮೆ ದರದ ರಹಸ್ಯವೂ ಆಗ ಗಿರಾಕಿಗೆ ತಾನಾಗಿಯೇ ಅರ್ಥವಾಗುತ್ತದೆ.

ಇಮಾಮ್ ಅಬೂ ಹನೀಫಾ(ರ)ರು ಕೂಫಾದಲ್ಲಿ ಬಟ್ಟೆಯ ವ್ಯಾಪಾರಿಯಾಗಿದ್ದರು. ದೋಷವಿದ್ದ ಒಂದು ಬಟ್ಟೆಯನ್ನು, ದೋಷವನ್ನು ತಿಳಿಸಿಯೇ ಮಾರಬೇಕೆಂದು ಹೇಳಿ ತಮ್ಮ ಪಾಲುದಾರ ಹಫ್ಸ್‌ರಿಗೆ ಕಳುಹಿಸಿದ್ದರು. ಪಾಲುದಾರರು ಮರೆತು, ಹೇಳದೆಯೇ ಮಾರಿಬಿಟ್ಟರು, ಕೊಂಡವನಾರೆಂದು ಗೊತ್ತಾಗಲಿಲ್ಲ. ಇಮಾಮರು ಆ ಸರಕಿನಿಂದ ಬಂದ ಹಣವನ್ನೆಲ್ಲ ದಾನ ಮಾಡಿದರೆಂದು ಅವರ ಜೀವನ ಚರಿತ್ರೆಗಳು ಹೇಳುತ್ತವೆ. ಅವರ ಫಿಕ್ಹ್‌ನಂತೆ ನಮಾಝ್ ಮಾಡುವ ನಾವು ಅವರ ಅಂಗಡಿಯ ಪಾಠವನ್ನೂ ಕಲಿಯಬೇಡವೇ?

ಅಂಗಡಿಯ ಕಮಿಷನ್ ಯಾರದ್ದು?

ಹಾರ್ಡ್‌ವೇರ್ ಅಂಗಡಿಯವರು ಮಿಸ್ತ್ರಿಗೆ ಕೊಡುವ ಕಮಿಷನ್, ಬಣ್ಣದ ಡಬ್ಬಿಯೊಳಗಿನ ಟೋಕನ್, ಇವುಗಳ ಬಗ್ಗೆ ಯಾರೂ ಬಹಿರಂಗವಾಗಿ ಮಾತನಾಡುವುದಿಲ್ಲ. ಇದರಲ್ಲಿ ಎರಡು ಸನ್ನಿವೇಶಗಳನ್ನು ಬೇರ್ಪಡಿಸಬೇಕು. ಸಾಮಗ್ರಿ ಮತ್ತು ಮಜೂರಿ ಸೇರಿ ಒಟ್ಟು ಇಷ್ಟು ಎಂದು ಒಂದೇ ಮೊತ್ತಕ್ಕೆ ಕೆಲಸ ಒಪ್ಪಿಕೊಂಡಿದ್ದರೆ ಸಾಮಗ್ರಿಯನ್ನು ಕೊಳ್ಳುವವನು ಕಸುಬುದಾರನೇ. ಅಂಗಡಿಯ ರಿಯಾಯಿತಿ ಅವನ ಲಾಭ. ಆದರೆ ಸಾಮಾನು ನಿಮ್ಮದು, ಮಜೂರಿ ಮಾತ್ರ ನನ್ನದು ಎಂದು ಒಪ್ಪಿಕೊಂಡು, ಗಿರಾಕಿಯ ಹಣದಿಂದ ಸಾಮಾನು ತರುವಾಗ ಅವನು ಗಿರಾಕಿಯ ಪ್ರತಿನಿಧಿ, ಫಿಕ್ಹ್‌ನ ಭಾಷೆಯಲ್ಲಿ ವಕೀಲ್. ಪ್ರತಿನಿಧಿಗೆ ದೊರೆತ ರಿಯಾಯಿತಿ ಹಣ ಕೊಟ್ಟವನಿಗೆ ಸೇರಬೇಕು.

ಪ್ರವಾದಿಯವರ(ಸ) ಸಹಾಬಿ ಉರ್ವಾ ಅಲ್ ಬಾರಿಕೀ(ರ)ರ ವೃತ್ತಾಂತವು ಬುಖಾರಿಯಲ್ಲಿದೆ. ಕುರಿ ತರಲೆಂದು ಪ್ರವಾದಿಯವರು(ಸ) ಅವರಿಗೆ ಒಂದು ದೀನಾರ್ ಕೊಟ್ಟಿದ್ದರು. ಅವರು ಅದೇ ದೀನಾರಿಗೆ ಎರಡು ಕುರಿಗಳನ್ನು ಕೊಂಡು, ಒಂದನ್ನು ಒಂದು ದೀನಾರಿಗೆ ಮಾರಿ, ಒಂದು ಕುರಿಯನ್ನೂ ಒಂದು ದೀನಾರನ್ನೂ ತಂದೊಪ್ಪಿಸಿದರು. ಗಳಿಸಿದ್ದು ತಮ್ಮ ಜಾಣ್ಮೆಯಿಂದಲೇ ಆಗಿದ್ದರೂ ಜೇಬಿಗಿಳಿಸಲಿಲ್ಲ. ಪ್ರವಾದಿಯವರು(ಸ) ಅವರ ವ್ಯಾಪಾರದಲ್ಲಿ ಬರಕತ್ ಉಂಟಾಗಲೆಂದು ಪ್ರಾರ್ಥಿಸಿದರು. ಗಿರಾಕಿಯ ಹಣದಿಂದ ಸಾಮಾನು ತರುವ ಕೆಲಸಕ್ಕೆ ಪ್ರತಿಫಲ ಬೇಕೆನಿಸಿದರೆ ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಸಾಮಾನು ಆರಿಸಿ ತರುವುದಕ್ಕೆ ಇಷ್ಟು ಎಂದು ಅಂದಾಜು ಪಟ್ಟಿಯಲ್ಲಿಯೇ ಬರೆಯಬಹುದು. ಶ್ರಮಕ್ಕೆ ಬೆಲೆ ಕೇಳುವುದು ಹಕ್ಕು. ಅದನ್ನು ಬಿಲ್ಲಿನೊಳಗೆ ಅಡಗಿಸುವುದು ವಿಶ್ವಾಸದ್ರೋಹ.

ತುರ್ತಿನ ದರ

ಇಸ್ಲಾಮ್ ಲಾಭಕ್ಕೆ ಇಂತಿಷ್ಟೇ ಎಂಬ ಮಿತಿ ಹಾಕಿಲ್ಲ. ಮದೀನಾದಲ್ಲಿ ಬೆಲೆ ಏರಿದಾಗ ದರ ನಿಗದಿ ಮಾಡಬೇಕೆಂಬ ಕೋರಿಕೆಯನ್ನು ಪ್ರವಾದಿಯವರು(ಸ) ಒಪ್ಪಲಿಲ್ಲ; ಯಾರ ಮೇಲೂ ಅನ್ಯಾಯವೆಸಗದೆ ಅಲ್ಲಾಹನನ್ನು ಭೇಟಿಯಾಗಲು ತಾವು ಬಯಸುವುದಾಗಿ ಹೇಳಿದರು. ಆದರೆ ಒಪ್ಪಿಗೆಯ ದರವೂ ಬೆಲೆಯರಿಯದವನನ್ನು ಸುಲಿಯುವ ದರವೂ ಒಂದೇ ಅಲ್ಲ. ಎರಡನೆಯದನ್ನು ಫುಕಹಾಗಳು ಗಬ್‌ನ್ ಫಾಹಿಶ್ ಎಂದು ಕರೆದರು. 1869ರಿಂದ 1876ರವರೆಗೆ ಉಸ್ಮಾನಿಯಾ ಸಾಮ್ರಾಜ್ಯದಲ್ಲಿ ಸಂಕಲಿಸಲಾದ ಮಜಲ್ಲಾ ಎಂಬ ನ್ಯಾಯಸಂಹಿತೆಯು ಸರಕುಗಳ ವಿಷಯದಲ್ಲಿ ಇಪ್ಪತ್ತರಲ್ಲಿ ಒಂದು ಪಾಲಿನ ಏರುಪೇರನ್ನೇ ಗಂಭೀರ ವಂಚನೆಯ ಮಟ್ಟವೆಂದು ಗುರುತಿಸಿತ್ತು.

ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳ ತೀರದ ನಮ್ಮ ಊರುಗಳಲ್ಲಿ ಈ ಪ್ರಶ್ನೆ ಪುಸ್ತಕದ್ದಲ್ಲ. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಮನೆಗಳು ಕುಸಿದವು, ಪಂಪ್‌ಸೆಟ್‌ಗಳು ನೀರಿನಲ್ಲಿ ಮುಳುಗಿದವು. 2021ರ ಜುಲೈಯಲ್ಲಿ ನದಿ ಮತ್ತೆ ಉಕ್ಕಿತು. ಅಂತಹ ದಿನಗಳಲ್ಲಿ ಗೌಂಡಿಗೂ ರಿವೈಂಡಿಂಗ್ ಮಾಡುವವನಿಗೂ ಹೇಳಿದ್ದೇ ದರ. ಬೇಸಿಗೆಯಲ್ಲಿ ಕಬ್ಬು ಒಣಗುತ್ತಿರುವಾಗ ಮೋಟಾರು ಸುಟ್ಟ ರೈತನೂ ಚೌಕಾಸಿ ಮಾಡುವ ಸ್ಥಿತಿಯಲ್ಲಿರುವುದಿಲ್ಲ. ರಾತ್ರಿಯಿಡೀ ಕುಳಿತು ಕೆಲಸ ಮಾಡಿದುದಕ್ಕೆ ಹೆಚ್ಚಿನ ಮಜೂರಿ ಕೇಳುವುದು ನ್ಯಾಯವೇ. ಹೆಚ್ಚು ಶ್ರಮವಿಲ್ಲದೆ, ಅವನಿಗೆ ಬೇರೆ ದಾರಿಯಿಲ್ಲವೆಂಬ ಒಂದೇ ಕಾರಣಕ್ಕೆ ದರ ಏರಿಸಿದರೆ ಅದು ಅವನ ಸಂಕಷ್ಟವನ್ನು ಮಾರಿದಂತೆ. ಆ ಹಣ ಮನೆಗೆ ಬರಬಹುದು, ಬರಕತ್ ಬರಲಾರದು.

ಬರೆದುಕೊಳ್ಳುವುದೂ ಧರ್ಮವೇ

ನಮ್ಮ ಕಡೆ ಬಹಳ ಸೌಜನ್ಯದ ಮಾತೊಂದಿದೆ: ನೀವೇ ನೋಡಿ ಕೊಡಿ. ಕೇಳಲು ಹಿತವಾದ ಈ ಮಾತಿನಿಂದ ಹುಟ್ಟಿದ ಜಗಳಗಳಿಗೆ ಲೆಕ್ಕವಿಲ್ಲ. ಕೂಲಿಯ ಮೊತ್ತ ಮೊದಲೇ ತಿಳಿದಿರಬೇಕು ಎಂಬುದು ಇಜಾರಾ ಪ್ರಕರಣದ ಮೂಲ ನಿಯಮ. ತಿಳಿಯದ ಕೂಲಿಗೆ ಮಾಡಿಕೊಂಡ ಒಪ್ಪಂದವು ಹನಫೀ ಫಿಕ್ಹ್‌ನಲ್ಲಿ ಫಾಸಿದ್, ಅಂದರೆ ದೋಷಯುಕ್ತ. ಕೆಲಸ ಮುಗಿದಿದ್ದರೆ ಆ ಊರಿನಲ್ಲಿ ಅಂತಹ ಕೆಲಸಕ್ಕೆ ಸಲ್ಲುವ ಕೂಲಿಯನ್ನು ಕೊಡಬೇಕಾಗುತ್ತದೆ. ಗೇಟು, ಕಪಾಟು, ಕಿಟಕಿಗಳಂತಹ ಮಾಡಿಸಿಕೊಳ್ಳುವ ವಸ್ತುಗಳಿಗೆ ಇಸ್ತಿಸ್ನಾ ಎಂಬ ಪ್ರತ್ಯೇಕ ಒಪ್ಪಂದವೇ ಇದೆ. ವಸ್ತುವಿನ ಬಗೆ, ಅಳತೆ, ಗುಣಮಟ್ಟಗಳನ್ನು ಸ್ಪಷ್ಟವಾಗಿ ವಿವರಿಸುವುದು ಅದರ ಷರತ್ತು. ಇಂದಿನ ಕೊಟೇಶನ್ ಕೇಳುವುದೂ ಇದನ್ನೇ ಅಲ್ಲವೇ? ಕುರ್‌ಆನಿನ ಅತಿ ದೀರ್ಘವಾದ ಸೂಕ್ತಿ, ಅಲ್ ಬಕರಃ ಅಧ್ಯಾಯದ 282ನೆಯದು, ಸಾಲದ ವ್ಯವಹಾರ ಚಿಕ್ಕದಾಗಿರಲಿ ದೊಡ್ಡದಾಗಿರಲಿ, ಅದನ್ನು ಬರೆದಿಡಲು ಬೇಸರಿಸಬಾರದೆಂದು ಕಲಿಸುತ್ತದೆ. ಮುಂಗಡವೂ ಬಾಕಿಯೂ ಇರುವ ನಮ್ಮ ಕೆಲಸಗಳಿಗೆ ಆ ಬೋಧನೆ ಚೆನ್ನಾಗಿ ಹೊಂದುತ್ತದೆ.

ಗಡಿಭಾಗದಲ್ಲಿ ಬರವಣಿಗೆಯ ಅಗತ್ಯ ಇನ್ನೂ ಹೆಚ್ಚು. ಇಲ್ಲಿ ಕೆಲಸ ಹೇಳುವವನ ಮಾತು ಕನ್ನಡವಾದರೆ ಮಾಡುವವನದು ಮರಾಠಿಯಾಗಿರಬಹುದು, ಉರ್ದುವಾಗಿರಬಹುದು. ಅಳತೆಯ ಪದಗಳೂ ಹಾಗೆಯೇ. 'ಬ್ರಾಸ್' ಎಂದರೆ ಉಸುಕು, ಖಡಿಯ ಲೆಕ್ಕದಲ್ಲಿ 100 ಘನ ಅಡಿ. ಗಿಲಾವು, ಫರ್ಶಿಯ ಲೆಕ್ಕದಲ್ಲಿ 100 ಚದರ ಅಡಿ. ಟ್ರ್ಯಾಕ್ಟರ್ ಟ್ರಾಲಿಯ ಲೆಕ್ಕವಂತೂ ಟ್ರಾಲಿಯ ಗಾತ್ರದಂತೆ ಬದಲಾಗುತ್ತದೆ. ಗಿಲಾವಿನ ಅಳತೆಯಲ್ಲಿ ಬಾಗಿಲು ಕಿಟಕಿಗಳ ಜಾಗವನ್ನು ಕಳೆಯಲಾಗುತ್ತದೆಯೇ ಇಲ್ಲವೇ ಎಂಬುದೊಂದೇ ಕೊನೆಯ ದಿನದ ಜಗಳಕ್ಕೆ ಸಾಕು.

ಆದುದರಿಂದ ಒಂದು ಪುಟದ ಅಂದಾಜು ಪಟ್ಟಿಯಲ್ಲಿ ಇಷ್ಟಾದರೂ ಇರಲಿ: ಮಾಡುವ ಕೆಲಸ ಯಾವುದು, ಸೇರದ ಕೆಲಸ ಯಾವುದು, ಸಾಮಗ್ರಿಯ ಹೆಸರು, ದಪ್ಪ, ದರ್ಜೆ, ಅಳತೆಯ ಮಾನ ಮತ್ತು ಅಳೆಯುವ ವಿಧಾನ, ಸಾಮಗ್ರಿಯ ವೆಚ್ಚ ಮತ್ತು ಮಜೂರಿ ಬೇರೆಬೇರೆಯಾಗಿ, ಮುಂಗಡ ಎಷ್ಟು, ಉಳಿದುದು ಯಾವ ಹಂತದಲ್ಲಿ, ಮುಗಿಸುವ ದಿನ, ಈ ದರ ಎಷ್ಟು ದಿನಗಳವರೆಗೆ ನಿಲ್ಲುತ್ತದೆ, ನಂತರ ದೋಷ ಕಂಡುಬಂದರೆ ಯಾರ ಹೊಣೆ. ನೋಡಲು ಬರುವುದಕ್ಕೆ ಹಣ ಪಡೆಯುವುದಾದರೆ ಹೊರಡುವ ಮೊದಲೇ ಫೋನಿನಲ್ಲಿ ತಿಳಿಸಬೇಕು. ಸೇವೆಗಳಲ್ಲಿ ವಾರ್ಷಿಕ 20 ಲಕ್ಷ ರೂಪಾಯಿಗಳ ಒಳಗಿನ ವಹಿವಾಟಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಿಲ್ಲ. ನೋಂದಣಿ ಇಲ್ಲದವನು ತೆರಿಗೆಯ ಹೆಸರಿನಲ್ಲಿ ಹಣ ಸೇರಿಸಿದರೆ ಅದು ಕಾನೂನಿಗೂ ಧರ್ಮಕ್ಕೂ ವಿರುದ್ಧ. ಗೋಡೆ ಒಡೆದಾಗ ಯಾರೂ ಊಹಿಸದ ತೊಂದರೆ ಕಂಡುಬಂದರೆ ಕೆಲಸ ನಿಲ್ಲಿಸಿ, ಮನೆಯವರನ್ನು ಕರೆದು ತೋರಿಸಿ, ಹೆಚ್ಚಿನ ಖರ್ಚಿಗೆ ಅವರು ಒಪ್ಪಿದ ಮೇಲೆಯೇ ಮುಂದುವರಿಯಬೇಕು. ಕಡಿಮೆ ಹೇಳಿ ಕೆಲಸ ಹಿಡಿ, ಒಡೆದ ಮೇಲೆ ಏರಿಸು ಎಂಬ 'ಸೂತ್ರ'ವು ಅರ್ಧ ಒಡೆದ ಮನೆಯಲ್ಲಿ ಕುಳಿತವನ ಅಸಹಾಯಕತೆಯನ್ನು ಮೊದಲೇ ಲೆಕ್ಕ ಹಾಕಿ ಹೆಣೆದ ಬಲೆ.

ಪ್ರಚಾರದಲ್ಲಿ ಸತ್ಯ

ತನ್ನ ಕಸುಬನ್ನು ಜನರಿಗೆ ಪರಿಚಯಿಸುವುದರಲ್ಲಿ ತಪ್ಪಿಲ್ಲ. ಪ್ರವಾದಿ ಯೂಸುಫ್(ಅ)ರು ಈಜಿಪ್ಟಿನ ಅರಸನ ಮುಂದೆ, ತಾನು ಕಾಪಾಡಬಲ್ಲವನು ಮತ್ತು ತಿಳಿದವನು ಎಂದು ತಮ್ಮ ಅರ್ಹತೆಯನ್ನು ತಾವೇ ಹೇಳಿಕೊಂಡರು. ಆ ಎರಡು ಗುಣಗಳು, ಪ್ರಾಮಾಣಿಕತೆ ಮತ್ತು ಪರಿಣತಿ, ಇಂದಿನ ಯಾವ ಬೋರ್ಡಿಗೂ ಸಾಕು.

ನಮ್ಮ ಜಿಲ್ಲೆಯದೇ ಒಂದು ಪಾಠವಿದೆ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆಯ ಚರ್ಮ ಕುಶಲಕರ್ಮಿಗಳು ತಲೆಮಾರುಗಳಿಂದ ಹೊಲಿಯುತ್ತ ಬಂದ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ದೊರೆಯಿತು. ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಇವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿಯು ಮಿಲಾನ್‌ನಲ್ಲಿ ಅದೇ ಮಾದರಿಯ ಪಾದರಕ್ಷೆಗಳನ್ನು, ಮೂಲವನ್ನು ಹೆಸರಿಸದೆ ಪ್ರದರ್ಶಿಸಿದಾಗ ಇಲ್ಲಿ ಆಕ್ರೋಶ ಎದ್ದಿತು. ಬಳಿಕ ಕಂಪನಿಯು ಭಾರತೀಯ ಕುಶಲಕರ್ಮಿಗಳಿಂದ ಪ್ರೇರಣೆ ಪಡೆದುದನ್ನು ಒಪ್ಪಿಕೊಳ್ಳಬೇಕಾಯಿತು. ಆ ಸುದ್ದಿಯನ್ನು ಕೋಪದಿಂದ ಹಂಚಿಕೊಂಡ ಯುವಕರೇ ಅಂತರ್ಜಾಲದಿಂದ ಎತ್ತಿಕೊಂಡ ಯಾರದೋ ಗೇಟಿನ, ಯಾರದೋ ಅಡುಗೆಮನೆಯ ಫೋಟೊವನ್ನು 'ನಮ್ಮ ಕೆಲಸ' ಎಂದು ಸ್ಟೇಟಸ್‌ಗೆ ಹಾಕಿದರೆ ಎರಡಕ್ಕೂ ಏನು ವ್ಯತ್ಯಾಸ? ತಾನು ಮಾಡಿದ ಸಾಧಾರಣ ಕೆಲಸದ ಫೋಟೊ ಎರವಲು ಪಡೆದ ಅದ್ಭುತ ಫೋಟೊಗಿಂತ ಹೆಚ್ಚು ಬೆಲೆಯುಳ್ಳದ್ದು.

ಮಾತಿನ ಪ್ರಚಾರಕ್ಕೂ ಮಿತಿಯಿದೆ. ಆಣೆಯಿಂದ ಸರಕು ಮಾರಾಟವಾದೀತು, ಬರಕತ್ ಅಳಿಸಿಹೋಗುತ್ತದೆ ಎಂಬ ಆಶಯದ ಹದೀಸ್ ಪ್ರಸಿದ್ಧವಾಗಿದೆ. ದರ ನಂಬಿಸಲು ಖುದಾನ ಆಣೆ ಹಾಕುವುದು, ಇನ್ನೊಬ್ಬ ಮಿಸ್ತ್ರಿಯ ಕೆಲಸವನ್ನು ಹೀಗಳೆದು ತನ್ನದನ್ನು ಎತ್ತಿ ಹಿಡಿಯುವುದು, ಬರುವ ಇರಾದೆಯೇ ಇಲ್ಲದೆ 'ನಾಳೆ ಬರುತ್ತೇನೆ, ಇನ್ಶಾ ಅಲ್ಲಾಹ್' ಎನ್ನುವುದು, ಇವು ನಮ್ಮಲ್ಲಿ ಅಭ್ಯಾಸವಾಗಿಬಿಟ್ಟಿವೆ. ಅಲ್ಲಾಹನ ಇಚ್ಛೆಗೆ ಶರಣಾಗುವ ಆ ಪವಿತ್ರ ಮಾತು ನೆರೆಹೊರೆಯವರ ಕಿವಿಯಲ್ಲಿ 'ಇವನು ಬರುವುದಿಲ್ಲ' ಎಂಬ ಅರ್ಥ ಪಡೆದರೆ ಅದಕ್ಕೆ ಹೊಣೆ ಯಾರು? ಅಂಗಡಿಗೆ ಮಕ್ಕಾ, ಮದೀನಾಗಳ ಹೆಸರಿಟ್ಟವರ ಹೊಣೆ ಇನ್ನೂ ದೊಡ್ಡದು. ಆ ಬೋರ್ಡಿನ ಕೆಳಗೆ ನಡೆದ ವಂಚನೆ ಒಬ್ಬ ವ್ಯಕ್ತಿಯ ಹೆಸರನ್ನು ಮಾತ್ರ ಕೆಡಿಸುವುದಿಲ್ಲ. 2022ರಲ್ಲಿ ರಾಜ್ಯದ ಕೆಲವೆಡೆ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳನ್ನು ದೂರವಿಡುವ ಕರೆಗಳು ಕೇಳಿಬಂದುದನ್ನು ನಾವು ಮರೆತಿಲ್ಲ. ಅಂತಹ ಕರೆಗಳು ನಮ್ಮ ಪ್ರಾಮಾಣಿಕತೆಯನ್ನು ನೋಡಿ ನಿಲ್ಲುತ್ತವೆಂದು ನಾನು ಹೇಳಲಾರೆ. ಆದರೆ ಲಿಂಗಾಯತ, ಜೈನ, ಮರಾಠಾ ಮನೆಗಳಲ್ಲಿ ಸರಿಯಾದ ಕೆಲಸ ಮಾಡಿ ಸರಿಯಾದ ಹಣ ಪಡೆದ ಒಬ್ಬ ಗೌಂಡಿಯನ್ನು ಆ ಮನೆಯವರು ಮತ್ತೆ ಕರೆಯುತ್ತಾರೆ. ಕರೆಯದಿದ್ದರೂ ಸರಿಯಾದ ಅಳತೆ ಅವನ ಮೇಲೆ ಕಡ್ಡಾಯವೇ.

ಗಿರಾಕಿಯ ಕೈಯಲ್ಲಿಯೂ ತಕ್ಕಡಿಯಿದೆ

ಇಷ್ಟನ್ನು ಓದಿ ತಲೆದೂಗಿದ ಮನೆಯ ಯಜಮಾನರು ತಮ್ಮ ಕಡೆಗೂ ನೋಡಿಕೊಳ್ಳಬೇಕು. ತುಂಬ ಪಡೆದು ಕಡಿಮೆ ಕೊಡುವವರ ಪಟ್ಟಿಯಲ್ಲಿ ಗಿರಾಕಿಗಳೂ ಇದ್ದಾರೆ. ಕೆಲಸ ಕೊಡುವ ಉದ್ದೇಶವೇ ಇಲ್ಲದೆ ಒಬ್ಬನಿಂದ ಅಂದಾಜು ಬರೆಸಿ, ಅದನ್ನು ತೋರಿಸಿ ಇನ್ನೊಬ್ಬನ ದರ ತಗ್ಗಿಸುವುದು ಮೊದಲಿನವನ ಅರ್ಧ ದಿನವನ್ನು ಕದ್ದಂತೆ. ಒಪ್ಪಿದ ಕೆಲಸಕ್ಕೆ 'ಇದೊಂದು ಚಿಕ್ಕದು ಮಾಡಿಬಿಡು' ಎಂದು ನಾಲ್ಕು ಕೆಲಸ ಸೇರಿಸಿ ಹಣ ಮಾತ್ರ ಹಳೆಯದನ್ನೇ ಕೊಡುವುದು, ಕೊನೆಯ ಕಂತಿಗೆ ತಿಂಗಳುಗಟ್ಟಲೆ ಅಲೆಸುವುದು, ನಮ್ಮ ಜಮಾಅತಿನವನೇ ಎಂದು ಉದ್ರಿ ಹೇಳುವುದು, ಇವೂ ಅನ್ಯಾಯಗಳೇ. ಕೂಲಿಯನ್ನು ಬೆವರು ಆರುವ ಮೊದಲೇ ಕೊಡಬೇಕೆಂದು ಪ್ರವಾದಿಯವರು(ಸ) ಕಲಿಸಿದರು. ಸಾಮರ್ಥ್ಯವುಳ್ಳವನು ಪಾವತಿ ಮುಂದೂಡುವುದನ್ನು ಅಕ್ರಮವೆಂದು ಕರೆದರು. ಪೂರ್ಣ ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಂದು ಅಲ್ಲಾಹನೇ ಎದುರಾಳಿಯಾಗುವನೆಂಬ ಎಚ್ಚರಿಕೆ ಬುಖಾರಿಯಲ್ಲಿದೆ. ಕೈಕೆಳಗೆ ದುಡಿಯುವ ಹುಡುಗರ ಪಗಾರವನ್ನು 'ಕಲಿಯುತ್ತಿದ್ದಾನಲ್ಲ' ಎಂದು ಹಿಡಿದಿಡುವ ಮಿಸ್ತ್ರಿಗಳಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ತನ್ನ ದುಡಿಮೆಗೆ ತಾನೇ ಕಡಿಮೆ ಬೆಲೆ ಕಟ್ಟಿ, ಮನೆ ಮಕ್ಕಳನ್ನು ಹಸಿವಿಗೆ ದೂಡುವ ದರ ಹೇಳುವುದೂ ನ್ಯಾಯವಲ್ಲ; ಆ ಕೊರತೆ ಕೊನೆಗೆ ಕೆಲಸದಲ್ಲಿಯೇ ಕಾಣಿಸಿಕೊಳ್ಳುತ್ತದೆ.

ನನ್ನದೊಂದು ಸಲಹೆಯಿದೆ. ಮದ್ರಸಗಳಲ್ಲಿ ನಾವು ವ್ಯಾಪಾರ ಮತ್ತು ಇಜಾರಾದ ಪ್ರಕರಣಗಳನ್ನು ಓದಿಸುತ್ತೇವೆ. ಆದರೆ ಅವು ಒಂಟೆ, ಖರ್ಜೂರ, ಗೋಧಿಯ ಉದಾಹರಣೆಗಳಲ್ಲಿಯೇ ನಿಂತುಬಿಡುತ್ತವೆ. ಪ್ರತಿ ಊರಿನ ಜಮಾಅತ್ ವರ್ಷಕ್ಕೊಮ್ಮೆ ತನ್ನ ಮಹಲ್ಲಾದ ಕಸುಬುದಾರ ಯುವಕರನ್ನು ಕೂಡಿಸಲಿ. ಒಬ್ಬ ಆಲಿಮ್ ಮತ್ತು ಒಬ್ಬ ಅನುಭವಿ ಮಿಸ್ತ್ರಿ ಜೊತೆಗೆ ಕುಳಿತು ಗೇಜು, ಬ್ರಾಸ್, ಕಮಿಷನ್, ಮುಂಗಡಗಳ ಭಾಷೆಯಲ್ಲಿ ಆ ಪಾಠಗಳನ್ನು ಹೇಳಿಕೊಡಲಿ. ಕನ್ನಡ ಮತ್ತು ಮರಾಠಿಯಲ್ಲಿ ಒಂದು ಪುಟದ ಅಂದಾಜು ಪಟ್ಟಿಯ ಮಾದರಿಯನ್ನು ಮುದ್ರಿಸಿ ಹಂಚಲಿ. ಖರ್ಚು ಅಲ್ಪ, ಫಲ ದೊಡ್ಡದು.

ಪ್ರವಾದಿ ದಾವೂದ್(ಅ)ರು ಅರಸರಾಗಿದ್ದರೂ ತಮ್ಮ ಕೈಯ ದುಡಿಮೆಯಿಂದಲೇ ಉಣ್ಣುತ್ತಿದ್ದರು. ಅವರಿಗೆ ಕವಚ ಮಾಡುವ ವಿದ್ಯೆಯನ್ನು ಕಲಿಸಿದ ಅಲ್ಲಾಹನು ಅದರ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಹೆಣೆಯಬೇಕೆಂದು ಆದೇಶಿಸಿದುದನ್ನು ಸಬಾ ಅಧ್ಯಾಯದಲ್ಲಿ ಕಾಣುತ್ತೇವೆ. ಕಬ್ಬಿಣದ ಕೆಲಸದ ಅಳತೆಯು ದಿವ್ಯವಾಣಿಯ ವಿಷಯವಾಗಿರುವಾಗ ನಮ್ಮ ಅಂದಾಜು ಪಟ್ಟಿಯನ್ನು ಧರ್ಮದ ಹೊರಗಿಡುವುದು ಹೇಗೆ ಸಾಧ್ಯ?

ಕೊಡುವಾಗಲೂ ಪಡೆಯುವಾಗಲೂ ಒಂದೇ ಅಳತೆಯಲ್ಲಿ ಅಳೆಯುವ ಸದ್ಬುದ್ಧಿಯನ್ನು, ಹಲಾಲ್ ದುಡಿಮೆಯನ್ನು, ಅದರಲ್ಲಿ ಬರಕತನ್ನು ಅಲ್ಲಾಹನು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೀನ್.